4 ಎಂಬಿ ಚಿತ್ರವನ್ನು 45 ಕೆಬಿಗೆ ಇಳಿಸುವ ಕ್ರಮ

‘ಫೋಟೊ 50 ಕೆಬಿ ಮೀರಬಾರದು ಎಂದು ಅರ್ಜಿಯಲ್ಲಿದೆ, ನನ್ನ ಫೋಟೊ 4 ಎಂಬಿ ಇದೆ, ಏನು ಮಾಡಬೇಕು?’ ಎಂಬ ಪ್ರಶ್ನೆ ಪ್ರತಿಯೊಂದು ನೇಮಕಾತಿ ಅಧಿಸೂಚನೆಯ ಬೆನ್ನಿಗೇ ಬರುತ್ತದೆ. ಅದರ ಜೊತೆಯಲ್ಲಿ ‘ಪಿಎನ್‌ಜಿಯನ್ನು ಜೆಪೆಗ್ ಮಾಡಿದೆ, ಆದರೂ ಜಾಲತಾಣ ತೆಗೆದುಕೊಳ್ಳುತ್ತಿಲ್ಲ’, ‘ಐಫೋನಿನ ಚಿತ್ರ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ’, ‘ಗಾತ್ರ ಇಳಿಸಿದ ಮೇಲೆ ಅಂಕಪಟ್ಟಿಯ ಅಕ್ಷರಗಳನ್ನು ಓದಲಾಗುತ್ತಿಲ್ಲ’ ಎಂಬ ದೂರುಗಳೂ ಬರುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ, ಕೆಲಸಗಳ ಕ್ರಮ ತಪ್ಪಿರುವುದು. ಚಿತ್ರದ ಕಡತವನ್ನು ಚಿಕ್ಕದು ಮಾಡಲು ಮೂರು ಹಿಡಿಗಳಿವೆ: ಪಿಕ್ಸೆಲ್‌ಗಳ ಸಂಖ್ಯೆ, ಕಡತದ ಫಾರ್ಮ್ಯಾಟ್ (ಚಿತ್ರದ ಮಾಹಿತಿಯನ್ನು ಬರೆದಿಡುವ ವಿಧಾನ) ಮತ್ತು ಗುಣಮಟ್ಟದ ಅಂಕಿ. ಇವನ್ನು ಇದೇ ಕ್ರಮದಲ್ಲಿ ಹಿಡಿಯಬೇಕು. ಮೂರನೆಯದರಿಂದ ಆರಂಭಿಸುವವರ ಚಿತ್ರ ಕೆಡುತ್ತದೆ, ಎರಡನೆಯದನ್ನಷ್ಟೇ ಮಾಡಿ ನಿಲ್ಲುವವರ ಕಡತ ಬೇಕಾದಷ್ಟು ಇಳಿಯುವುದಿಲ್ಲ.

ಈ ಲೇಖನದಲ್ಲಿ ಅರ್ಜಿಗೆ ಸೇರಿಸುವ ಭಾವಚಿತ್ರ, ಸಹಿ ಮತ್ತು ದಾಖಲೆಗಳನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸ್ವಂತ ಜಾಲತಾಣಕ್ಕೆ ಚಿತ್ರ ಹಾಕುವವರಿಗೆ ಬೇಕಾದ ಮಾತುಗಳು ಕೊನೆಯಲ್ಲಿವೆ.

ಆರಂಭಕ್ಕೆ ಮುನ್ನ ಒಂದಿಷ್ಟು ಲೆಕ್ಕ

ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ಸಾಲುಗಳು. ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್. ಸಾಮಾನ್ಯವಾಗಿ ಒಂದು ಪಿಕ್ಸೆಲ್‌ನ ಬಣ್ಣವನ್ನು ಬರೆದಿಡಲು 3 ಬೈಟ್ ಬೇಕು: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ 1.2 ಕೋಟಿ ಪಿಕ್ಸೆಲ್‌ಗಳಿವೆ. ಹಾಗೆಯೇ ಬರೆದಿಟ್ಟರೆ ಕಡತ 36 ಎಂಬಿ ಆಗಬೇಕು. ನಿಮ್ಮ ಫೋನು ಅದನ್ನು 4 ಎಂಬಿ ಎಂದು ತೋರಿಸುತ್ತಿದ್ದರೆ ಚಿತ್ರ ಆಗಲೇ ಒಂಬತ್ತು ಪಟ್ಟು ಕುಗ್ಗಿದೆ ಎಂದರ್ಥ.

ಹೀಗೆ ಕುಗ್ಗಿಸುವುದಕ್ಕೆ ಸಂಕೋಚನ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ನಷ್ಟವಿಲ್ಲದ ಸಂಕೋಚನದಲ್ಲಿ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ‘ಇಲ್ಲಿಂದ ಮುಂದೆ 500 ಬಿಳಿ ಚುಕ್ಕೆ’ ಎಂಬಂತೆ ಪುನರಾವರ್ತನೆಯನ್ನು ಚುಟುಕಾಗಿ ಬರೆಯಲಾಗುತ್ತದೆ. 1996ರಲ್ಲಿ ಬಂದ ಪಿಎನ್‌ಜಿ ಈ ಬಗೆಯದು. ನಷ್ಟಸಹಿತ ಸಂಕೋಚನದಲ್ಲಿ ಕಣ್ಣು ಸುಲಭವಾಗಿ ಗುರುತಿಸದ ಸೂಕ್ಷ್ಮ ವಿವರಗಳನ್ನು ಕೈಬಿಡಲಾಗುತ್ತದೆ. 1992ರಿಂದ ಬಳಕೆಯಲ್ಲಿರುವ ಜೆಪೆಗ್ ಈ ಬಗೆಯದು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ನಿಧಾನವಾಗಿ ಬದಲಾಗುವ ಛಾಯೆಗಳನ್ನು ಉಳಿಸಿಕೊಂಡು, ಚಕಚಕನೆ ಬದಲಾಗುವ ವಿವರಗಳನ್ನು ಒರಟಾಗಿ ಬರೆಯುತ್ತದೆ. ಇದರ ಹಿಂದಿರುವ ಗಣಿತ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು 1974ರಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಪ್ರಕಟಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಹೆಸರಾಗಿರುವ ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬಳಿಕ ಅಮೆರಿಕಕ್ಕೆ ಹೋದವರು. ಈ 8×8 ಚೌಕದ ವಿಷಯ ನೆನಪಿರಲಿ, ಅಕ್ಷರಗಳು ಯಾಕೆ ಕೆಡುತ್ತವೆ ಎಂಬುದಕ್ಕೆ ಮುಂದೆ ಬೇಕಾಗುತ್ತದೆ.

ಬೇಕಾಗುವ ಸಲಕರಣೆ

ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಾಗಿಲ್ಲ. ಕೆಳಗಿನವುಗಳಲ್ಲಿ ಒಂದು ಸಾಕು.

ಸ್ಕ್ವೂಷ್: ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಹೊರತಂದ ಉಚಿತ ಸಾಧನ. ಬ್ರೌಸರಿನಲ್ಲೇ ತೆರೆಯುತ್ತದೆ, ಫೋನಿನಲ್ಲೂ ನಡೆಯುತ್ತದೆ, ಚಿತ್ರವನ್ನು ಯಾವ ಸರ್ವರಿಗೂ ಕಳುಹಿಸದೆ ನಿಮ್ಮ ಯಂತ್ರದಲ್ಲೇ ಪರಿವರ್ತಿಸುತ್ತದೆ. ಒಂದೆರಡು ಚಿತ್ರಗಳಿದ್ದರೆ ನಾನು ಇದನ್ನೇ ಸೂಚಿಸುತ್ತೇನೆ.

ವಿಂಡೋಸ್‌ನ ಪೇಂಟ್: ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲೂ ಇರುತ್ತದೆ, ಪಿಕ್ಸೆಲ್ ಇಳಿಸಲು ಸಾಕು. ಆದರೆ ಜೆಪೆಗ್ ಉಳಿಸುವಾಗ ಗುಣಮಟ್ಟದ ಅಂಕಿಯನ್ನು ಆರಿಸಲು ಅವಕಾಶ ಕೊಡುವುದಿಲ್ಲ.

ಮ್ಯಾಕ್‌ನ ಪ್ರಿವ್ಯೂ: ಎಕ್ಸ್‌ಪೋರ್ಟ್ ಮಾಡುವಾಗ ಗುಣಮಟ್ಟದ ಜಾರುಪಟ್ಟಿಯೂ, ಆಗಲಿರುವ ಕಡತದ ಗಾತ್ರವೂ ಕಾಣುತ್ತವೆ.

ಗಿಂಪ್ ಮತ್ತು ಇರ್ಫಾನ್‌ವ್ಯೂ: ಹೆಚ್ಚಿನ ಹಿಡಿತ ಬೇಕಾದವರಿಗೆ ಮೊದಲನೆಯದು, ರಾಶಿ ಚಿತ್ರಗಳನ್ನು ಒಟ್ಟಿಗೆ ಪರಿವರ್ತಿಸಬೇಕಾದ ವಿಂಡೋಸ್ ಬಳಕೆದಾರರಿಗೆ ಎರಡನೆಯದು.

‘ಜೆಪೆಗ್ ಟು 50 ಕೆಬಿ’ ಎಂದು ಹುಡುಕಿದರೆ ಸಿಗುವ ಹತ್ತಾರು ಜಾಲತಾಣಗಳ ಬಗ್ಗೆ ಎಚ್ಚರದಿಂದಿರಿ. ಅವುಗಳಲ್ಲಿ ಹಲವು ನಿಮ್ಮ ಕಡತವನ್ನು ತಮ್ಮ ಸರ್ವರಿಗೆ ಏರಿಸಿಕೊಂಡು ಕೆಲಸ ಮಾಡುತ್ತವೆ. ಹೂವಿನ ಚಿತ್ರವಾದರೆ ಚಿಂತೆಯಿಲ್ಲ. ಸಹಿ, ಹೆಬ್ಬೆಟ್ಟಿನ ಗುರುತು, ಆಧಾರ್ ಪ್ರತಿಗಳನ್ನು ಅಪರಿಚಿತರ ಯಂತ್ರಕ್ಕೆ ಕೊಡುವುದು ಸರಿಯಲ್ಲ. ಒಂದು ಸಾಧನ ನಿಮ್ಮ ಯಂತ್ರದಲ್ಲೇ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪುಟ ತೆರೆದ ಮೇಲೆ ಇಂಟರ್ನೆಟ್ ಸಂಪರ್ಕ ಕಡಿದು, ಮುಖ್ಯವಲ್ಲದ ಒಂದು ಚಿತ್ರವನ್ನು ಪರಿವರ್ತಿಸಿ ನೋಡಿ. ಆಗಲೂ ಪರಿವರ್ತನೆ ಆದರೆ ಕೆಲಸ ನಿಮ್ಮಲ್ಲೇ ನಡೆಯುತ್ತಿದೆ.

ಹಂತ 1: ಮೂಲ ಕಡತವನ್ನೇ ಪಡೆಯಿರಿ

ಪರಿವರ್ತನೆಯನ್ನು ಯಾವಾಗಲೂ ಮೂಲದಿಂದ ಒಂದೇ ಸಲ ಮಾಡಬೇಕು. ಜೆಪೆಗ್ ಕಡತವನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದ ಪ್ರತಿ ಸಲವೂ ಇನ್ನಷ್ಟು ವಿವರ ಕಳೆಯುತ್ತದೆ. ಕಳೆದದ್ದು ಮುಂದೆ ಯಾವ ಫಾರ್ಮ್ಯಾಟಿಗೆ ಬದಲಿಸಿದರೂ ಹಿಂತಿರುಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದ ಚಿತ್ರ ದಾರಿಯಲ್ಲೇ ಪಿಕ್ಸೆಲ್ ಕಳೆದುಕೊಂಡು, ಮರುಸಂಕೋಚನಕ್ಕೆ ಒಳಗಾಗಿ ತಲುಪುತ್ತದೆ. ಸ್ಟುಡಿಯೋದವರಿಗೆ ‘ಡಾಕ್ಯುಮೆಂಟ್ ಆಗಿ ಕಳುಹಿಸಿ’ ಎಂದು ಹೇಳಿದರೆ ಕಡತ ಇದ್ದಂತೆಯೇ ಬರುತ್ತದೆ. ಅದರ ಒಂದು ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

ಸ್ಟುಡಿಯೋದಿಂದ ಬಂದ ಕಡತ ಕೆಲವೊಮ್ಮೆ ಮುದ್ರಣಕ್ಕೆಂದು ಸಿಎಂವೈಕೆ ಬಣ್ಣಕ್ರಮದಲ್ಲಿರುತ್ತದೆ (ಪರದೆಯ ಮೂರು ಬಣ್ಣಗಳ ಬದಲು ಮುದ್ರಣದ ನಾಲ್ಕು ಶಾಯಿಗಳ ಲೆಕ್ಕ). ಅಂಥ ಚಿತ್ರದ ಬಣ್ಣಗಳು ಕೆಲವು ತಂತ್ರಾಂಶಗಳಲ್ಲಿ ವಿಚಿತ್ರವಾಗಿ ಕಾಣುತ್ತವೆ. ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯಲ್ಲಿ ಕೊಡುವಂತೆ ಕೇಳುವುದು ಒಳ್ಳೆಯದು.

ಹಂತ 2: ಬೇಡಿಕೆಯನ್ನು ಅಕ್ಷರಶಃ ಓದಿ

ಅಧಿಸೂಚನೆಯಲ್ಲಿ ನೋಡಬೇಕಾದದ್ದು ನಾಲ್ಕು: ಪಿಕ್ಸೆಲ್ ಅಳತೆ, ಗರಿಷ್ಠ ಗಾತ್ರ, ಕನಿಷ್ಠ ಗಾತ್ರ, ಫಾರ್ಮ್ಯಾಟ್. ಬ್ಯಾಂಕ್ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಇತ್ತೀಚಿನ ವರ್ಷಗಳ ಅಧಿಸೂಚನೆಗಳಲ್ಲಿ ಭಾವಚಿತ್ರಕ್ಕೆ 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿಗೆ 140×60 ಪಿಕ್ಸೆಲ್, 10ರಿಂದ 20 ಕೆಬಿ. ಎಡ ಹೆಬ್ಬೆರಳಿನ ಗುರುತಿಗೆ 240×240 ಪಿಕ್ಸೆಲ್, 20ರಿಂದ 50 ಕೆಬಿ. ಕೈಬರಹದ ಘೋಷಣೆಗೆ 800×400 ಪಿಕ್ಸೆಲ್, 50ರಿಂದ 100 ಕೆಬಿ ಎಂದು ಹೇಳಲಾಗಿದೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ತಂದೆತಾಯಿಗಳ ವೀಸಾ ಅರ್ಜಿಯಲ್ಲಿ ಲೆಕ್ಕ ಬೇರೆ: ಚೌಕಾಕಾರದ ಜೆಪೆಗ್, 600×600ರಿಂದ 1200×1200 ಪಿಕ್ಸೆಲ್, 240 ಕೆಬಿಗೆ ಮೀರದಂತೆ. ನಿಮ್ಮ ಅರ್ಜಿಯಲ್ಲಿ ಏನಿದೆಯೋ ಅದನ್ನು ಚೀಟಿಯಲ್ಲಿ ಬರೆದುಕೊಂಡೇ ಮುಂದುವರಿಯಿರಿ.

ಕನಿಷ್ಠ ಗಾತ್ರವನ್ನು ಬಹಳ ಜನ ಗಮನಿಸುವುದೇ ಇಲ್ಲ. ‘50 ಕೆಬಿಯೊಳಗೆ’ ಎಂಬುದನ್ನಷ್ಟೇ ಓದಿ 9 ಕೆಬಿಗೆ ಇಳಿಸಿದ ಭಾವಚಿತ್ರವೂ ತಿರಸ್ಕೃತವಾಗುತ್ತದೆ.

ಹಂತ 3: ಮೊದಲು ಕತ್ತರಿಸಿ, ಆಮೇಲೆ ಪಿಕ್ಸೆಲ್ ಇಳಿಸಿ

ಗಾತ್ರ ಇಳಿಸುವ ಕೆಲಸದ ಬಹುಪಾಲು ಇಲ್ಲಿಯೇ ಮುಗಿಯುತ್ತದೆ. 200×230 ಅಳತೆಯ ಚಿತ್ರದಲ್ಲಿರುವುದು 46,000 ಪಿಕ್ಸೆಲ್ ಮಾತ್ರ. 12 ಮೆಗಾಪಿಕ್ಸೆಲ್ ಚಿತ್ರದ ಸುಮಾರು 260ನೇ ಒಂದು ಪಾಲು. ಯಾವ ಸಂಕೋಚನವೂ ಇಲ್ಲದೆ ಬರೆದರೂ ಅದು 138 ಕೆಬಿ ದಾಟುವುದಿಲ್ಲ. ಇದನ್ನು ಬಿಟ್ಟು, 4000×3000ರ ಚಿತ್ರವನ್ನು ಹಾಗೆಯೇ ಇಟ್ಟುಕೊಂಡು ಗುಣಮಟ್ಟವನ್ನಷ್ಟೇ ತಗ್ಗಿಸಿ 50 ಕೆಬಿಗೆ ತರಲು ಹೊರಟರೆ ಮುಖ ಚೌಕಚೌಕವಾಗಿ ಒಡೆದುಹೋಗುತ್ತದೆ, ಆದರೂ ಗುರಿ ಮುಟ್ಟುವುದು ಕಷ್ಟ.

ಕತ್ತರಿಸುವಾಗ ಅಗಲ ಮತ್ತು ಎತ್ತರದ ಅನುಪಾತ ಮುಖ್ಯ. ನಮ್ಮಲ್ಲಿ ಸಾಮಾನ್ಯವಾದ ಪಾಸ್‌ಪೋರ್ಟ್ ಅಳತೆಯ ಫೋಟೊ 35 ಮಿಮೀ ಅಗಲ, 45 ಮಿಮೀ ಎತ್ತರ. ಅದನ್ನು 200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಎತ್ತರ 257 ಪಿಕ್ಸೆಲ್ ಆಗುತ್ತದೆ, ಬೇಕಾದದ್ದು 230. ಆ ಹೆಚ್ಚುವರಿ 27 ಪಿಕ್ಸೆಲ್‌ಗಳನ್ನು ತಲೆಯ ಮೇಲಿನ ಖಾಲಿ ಜಾಗದಿಂದಲೋ ಎದೆಯ ಭಾಗದಿಂದಲೋ ಕತ್ತರಿಸಬೇಕು. ಹಾಗೆ ಮಾಡದೆ, ಅನುಪಾತ ಕಾಯ್ದುಕೊಳ್ಳುವ ಗುರುತನ್ನು ತೆಗೆದು 200 ಮತ್ತು 230 ಎಂದು ಬಲವಂತವಾಗಿ ತುಂಬಿದರೆ ಚಿತ್ರ ಮೇಲಿನಿಂದ ಅದುಮಿದಂತಾಗಿ ಮುಖ ಅಗಲವಾಗಿ ಕಾಣುತ್ತದೆ.

ಪೇಂಟ್‌ನಲ್ಲಿ ಬೇಕಾದ ಭಾಗವನ್ನು ಆಯ್ದು ‘ಕ್ರಾಪ್’ ಒತ್ತಿ. ಬಳಿಕ ‘ರೀಸೈಜ್’ ತೆರೆದು, ‘ಪರ್ಸೆಂಟೇಜ್’ ಬದಲು ‘ಪಿಕ್ಸೆಲ್ಸ್’ ಆರಿಸಿ ಅಗಲವನ್ನು ಬರೆಯಿರಿ. ಪ್ರಿವ್ಯೂನಲ್ಲಿ ‘ಟೂಲ್ಸ್’ ಪಟ್ಟಿಯ ‘ಅಡ್ಜಸ್ಟ್ ಸೈಜ್’, ಗಿಂಪ್‌ನಲ್ಲಿ ‘ಇಮೇಜ್’ ಪಟ್ಟಿಯ ‘ಸ್ಕೇಲ್ ಇಮೇಜ್’, ಸ್ಕ್ವೂಷ್‌ನಲ್ಲಿ ‘ರೀಸೈಜ್’ ಇದೇ ಕೆಲಸ ಮಾಡುತ್ತವೆ.

ಡಿಪಿಐ ಎಂಬ ಅಂಕಿಯ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಕಾಗದದ ಮೇಲೆ ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಮುದ್ರಿಸಬೇಕೆಂದು ಮುದ್ರಣಯಂತ್ರಕ್ಕೆ ಕೊಡುವ ಸೂಚನೆ ಅದು. ಈಗಾಗಲೇ ಇರುವ ಚಿತ್ರದ ಪಿಕ್ಸೆಲ್‌ಗಳನ್ನು ಮುಟ್ಟದೆ 300 ಡಿಪಿಐಯನ್ನು 72 ಎಂದು ಬದಲಿಸಿದರೆ ಕಡತದ ಗಾತ್ರ ಇಳಿಯುವುದಿಲ್ಲ. ಸ್ಕ್ಯಾನ್ ಮಾಡುವಾಗ ಮಾತ್ರ ಅದಕ್ಕೆ ತೂಕವಿದೆ, ಏಕೆಂದರೆ ಅಲ್ಲಿ ಅದೇ ಅಂಕಿ ಎಷ್ಟು ಪಿಕ್ಸೆಲ್ ಹುಟ್ಟಬೇಕೆಂದು ನಿರ್ಧರಿಸುತ್ತದೆ.

ಹಂತ 4: ಚಿತ್ರದಲ್ಲಿ ಏನಿದೆ ಎಂದು ನೋಡಿ ಫಾರ್ಮ್ಯಾಟ್ ಆರಿಸಿ

‘ಯಾವ ಫಾರ್ಮ್ಯಾಟ್ ಚಿಕ್ಕದು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದೇ ಫಾರ್ಮ್ಯಾಟ್ ಒಂದು ಚಿತ್ರವನ್ನು ಕುಗ್ಗಿಸಿ, ಇನ್ನೊಂದನ್ನು ಉಬ್ಬಿಸಬಲ್ಲದು.

ಮುಖ, ಮರಗಿಡ, ಆಕಾಶ ಇರುವ ಛಾಯಾಚಿತ್ರಗಳಿಗೆ ಜೆಪೆಗ್. ಇಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ತೆರನಾಗಿರುವುದಿಲ್ಲ, ನವಿರಾಗಿ ಬದಲಾಗುತ್ತಿರುತ್ತವೆ. ಪಿಎನ್‌ಜಿಗೆ ಚುಟುಕಾಗಿ ಬರೆಯಲು ಪುನರಾವರ್ತನೆಯೇ ಸಿಗುವುದಿಲ್ಲ. ಆದ್ದರಿಂದ ಪಿಎನ್‌ಜಿಯಲ್ಲಿರುವ ಛಾಯಾಚಿತ್ರವನ್ನು ಜೆಪೆಗ್ ಮಾಡಿದರೆ ಗಾತ್ರ ಹಲವು ಪಟ್ಟು ಇಳಿಯುತ್ತದೆ. ಇದರ ತಿರುಗು ದಾರಿ ಹಿಡಿದು, ‘ಗುಣಮಟ್ಟ ಹೆಚ್ಚಲಿ’ ಎಂದು ಜೆಪೆಗ್ ಚಿತ್ರವನ್ನು ಪಿಎನ್‌ಜಿ ಮಾಡುವವರಿದ್ದಾರೆ. ಗುಣಮಟ್ಟ ಎಳ್ಳಷ್ಟೂ ಹೆಚ್ಚುವುದಿಲ್ಲ. ಜೆಪೆಗ್ ಮಾಡಿದ ಕಲೆಗಳನ್ನೂ ಪಿಎನ್‌ಜಿ ಶ್ರದ್ಧೆಯಿಂದ ಬರೆದಿಡುವುದರಿಂದ ಕಡತ ಮಾತ್ರ ಉಬ್ಬುತ್ತದೆ.

ಪರದೆಯ ಚಿತ್ರ (ಸ್ಕ್ರೀನ್‌ಶಾಟ್), ನಕ್ಷೆ, ಲಾಂಛನ, ಅಚ್ಚಾದ ಪುಟ ಇವುಗಳಿಗೆ ಪಿಎನ್‌ಜಿ. ಒಂದೇ ಬಣ್ಣದ ದೊಡ್ಡ ಹರವು ಮತ್ತು ಹರಿತವಾದ ಅಂಚುಗಳಿರುವಲ್ಲಿ ಅದು ಚಿಕ್ಕದಾಗಿಯೂ ಸ್ವಚ್ಛವಾಗಿಯೂ ಉಳಿಯುತ್ತದೆ. ಇಂಥವನ್ನು ಕಡಿಮೆ ಗುಣಮಟ್ಟದ ಜೆಪೆಗ್ ಮಾಡಿದರೆ ಅಕ್ಷರಗಳ ಸುತ್ತ ಬೂದು ಬಣ್ಣದ ದೂಳು ಎದ್ದಂತೆ ಕಾಣುತ್ತದೆ. ಕಪ್ಪಿನಿಂದ ಬಿಳಿಗೆ ಥಟ್ಟನೆ ಜಿಗಿಯುವ ಅಂಚನ್ನು 8×8 ಚೌಕದೊಳಗೆ ಒರಟಾಗಿ ಬರೆದುದರ ಫಲ ಅದು. ಕನ್ನಡದ ಪುಟಗಳಲ್ಲಿ ಇದರ ಏಟು ಮೊದಲು ತಗಲುವುದು ಒತ್ತಕ್ಷರಗಳಿಗೆ: ತವತ್ತು ಯಾವುದು, ನವತ್ತು ಯಾವುದು ಎಂದು ತಿಳಿಯದ ಅಂಕಪಟ್ಟಿಯನ್ನು ಪರಿಶೀಲಕರು ಹಿಂದಿರುಗಿಸಿದರೆ ಅವರನ್ನು ದೂರುವಂತಿಲ್ಲ.

ದಾಖಲೆಗಳ ವಿಷಯದಲ್ಲಿ ಫಾರ್ಮ್ಯಾಟಿಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬಣ್ಣ ಬೇಕೇ ಎಂಬುದು. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2480×3508 ಪಿಕ್ಸೆಲ್ ಆಗುತ್ತದೆ. ಸಂಕೋಚನಕ್ಕೆ ಮುನ್ನ ಅದು ಬಣ್ಣದಲ್ಲಿ ಸುಮಾರು 26 ಎಂಬಿ, ಬೂದು ಛಾಯೆಗಳಲ್ಲಿ (ಗ್ರೇಸ್ಕೇಲ್) 8.7 ಎಂಬಿ, ಬರಿಯ ಕಪ್ಪು–ಬಿಳಿಯಲ್ಲಿ 1.1 ಎಂಬಿ. ಟೈಪ್ ಮಾಡಿದ ಪತ್ರಕ್ಕೆ ಕಪ್ಪು–ಬಿಳಿ ಸಾಕು, ಹಳೆಯ ಕೈಬರಹಕ್ಕೆ ಬೂದು ಛಾಯೆ ಬೇಕು, ಕೆಂಪು ಅಥವಾ ನೇರಳೆ ಮೊಹರು ಕಾಣಲೇಬೇಕೆಂದಿದ್ದರೆ ಮಾತ್ರ ಬಣ್ಣ. ಪಿಎನ್‌ಜಿ ಒಪ್ಪುವ ಕಡೆ ಇನ್ನೊಂದು ಉಪಾಯವೂ ಇದೆ: ಸ್ಕ್ವೂಷ್‌ನ ‘ರೆಡ್ಯೂಸ್ ಪ್ಯಾಲೆಟ್’ ಆಯ್ಕೆಯಿಂದ ಒಟ್ಟು ಬಣ್ಣಗಳ ಸಂಖ್ಯೆಯನ್ನು 16ಕ್ಕೋ 32ಕ್ಕೋ ಇಳಿಸಿದರೆ, ಅಕ್ಷರಗಳು ಹರಿತವಾಗಿಯೇ ಉಳಿದು ಕಡತ ಗಣನೀಯವಾಗಿ ಕುಗ್ಗುತ್ತದೆ.

ಸಹಿ ಇವೆರಡರ ನಡುವಿನದು. ಅದು ಸ್ವಭಾವದಲ್ಲಿ ರೇಖಾಚಿತ್ರ, ಆದರೆ ಅರ್ಜಿಗಳು ಹೆಚ್ಚಾಗಿ ಜೆಪೆಗ್ ಕೇಳುತ್ತವೆ. ಫೋನಿನಲ್ಲಿ ತೆಗೆದ ಸಹಿಯ ಹಿನ್ನೆಲೆ ಬಿಳಿಯಾಗಿ ಕಂಡರೂ ನಿಜದಲ್ಲಿ ಬೂದು ಬಣ್ಣದ ಸಾವಿರಾರು ಸಣ್ಣ ಏರಿಳಿತಗಳಿಂದ ತುಂಬಿರುತ್ತದೆ, ಆ ಏರಿಳಿತಗಳೇ ಕೆಬಿಗಳನ್ನು ತಿನ್ನುತ್ತವೆ. ಗಿಂಪ್‌ನ ‘ಲೆವೆಲ್ಸ್’ನಿಂದಲೋ ಫೋನಿನ ಗ್ಯಾಲರಿಯಲ್ಲಿರುವ ಬೆಳಕಿನ ಹೊಂದಾಣಿಕೆಯಿಂದಲೋ ಹಿನ್ನೆಲೆಯನ್ನು ಅಚ್ಚ ಬಿಳಿಗೆ ತಂದರೆ ಸಹಿ ಎದ್ದು ಕಾಣುತ್ತದೆ, ಕಡತವೂ ಇಳಿಯುತ್ತದೆ. ಕತ್ತಲ ಕೋಣೆಯಲ್ಲಿ ತೆಗೆದ ಭಾವಚಿತ್ರ ಹಗಲ ಬೆಳಕಿನದಕ್ಕಿಂತ ಭಾರವಾಗಿರುವುದೂ ಇದೇ ಕಾರಣಕ್ಕೆ.

ಪಾರದರ್ಶಕ ಹಿನ್ನೆಲೆ ಪಿಎನ್‌ಜಿಗೆ ಗೊತ್ತು, ಜೆಪೆಗ್‌ಗೆ ಗೊತ್ತಿಲ್ಲ. ಹಿನ್ನೆಲೆ ತೆಗೆದ ಸಹಿಯನ್ನೋ ಲಾಂಛನವನ್ನೋ ಜೆಪೆಗ್ ಮಾಡಿದಾಗ ಕೆಲವು ತಂತ್ರಾಂಶಗಳು ಆ ಜಾಗಕ್ಕೆ ಬಿಳಿ ತುಂಬುತ್ತವೆ, ಕೆಲವು ಕಪ್ಪು ತುಂಬುತ್ತವೆ. ಕಪ್ಪು ಶಾಯಿಯ ಸಹಿ ಕಪ್ಪು ಹಿನ್ನೆಲೆಯಲ್ಲಿ ಮಾಯವಾದುದನ್ನು ನೋಡಿ ಕಡತವೇ ಕೆಟ್ಟಿತೆಂದು ತಿಳಿಯುವವರು ಹಲವರು. ಪರಿವರ್ತನೆಗೆ ಮುನ್ನವೇ ಕೆಳಗೊಂದು ಬಿಳಿ ಪದರ ಹಾಕಿಬಿಡಿ.

ಇನ್ನು ಎಚ್‌ಇಐಸಿ. 2017ರಲ್ಲಿ ಐಒಎಸ್ 11ರ ಜೊತೆ ಐಫೋನುಗಳಿಗೆ ಬಂದ ಈ ಫಾರ್ಮ್ಯಾಟ್ ಜೆಪೆಗ್‌ಗಿಂತ ಚಿಕ್ಕದು. ಅರ್ಜಿಯ ಜಾಲತಾಣಗಳು ಇದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ವಿಂಡೋಸ್‌ನಲ್ಲಿ ಪ್ರತ್ಯೇಕ ವಿಸ್ತರಣೆ ಹಾಕಿಕೊಳ್ಳದಿದ್ದರೆ ತೆರೆಯದೆಯೂ ಇರಬಹುದು. ಐಒಎಸ್ 16 ಅಥವಾ ನಂತರದ ಆವೃತ್ತಿಯಿದ್ದರೆ ಚಿತ್ರವನ್ನು ‘ಫೈಲ್ಸ್’ ಆ್ಯಪ್‌ಗೆ ಉಳಿಸಿ, ಅದರ ಮೇಲೆ ಬೆರಳು ಒತ್ತಿಹಿಡಿದು, ‘ಕ್ವಿಕ್ ಆ್ಯಕ್ಷನ್ಸ್’ ಒಳಗಿನ ‘ಕನ್ವರ್ಟ್ ಇಮೇಜ್’ ಆರಿಸಿದರೆ ಜೆಪೆಗ್ ಸಿಗುತ್ತದೆ. ಮುಂದಿನ ಚಿತ್ರಗಳು ನೇರವಾಗಿ ಜೆಪೆಗ್ ಆಗಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಕ್ಯಾಮೆರಾ’, ಅದರಲ್ಲಿ ‘ಫಾರ್ಮ್ಯಾಟ್ಸ್’, ಅದರಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಎಚ್‌ಇಐಸಿಯಿಂದ ಜೆಪೆಗ್‌ಗೆ ಬಂದಾಗ ಕಡತ ದೊಡ್ಡದಾದರೆ ಗಾಬರಿಯಾಗಬೇಡಿ, ಪಿಕ್ಸೆಲ್ ಇಳಿಸಿದ ಮೇಲೆ ಆ ವ್ಯತ್ಯಾಸ ಉಳಿಯುವುದಿಲ್ಲ.

ಹಂತ 5: ಪರಿವರ್ತಿಸಿ; ಹೆಸರು ಬದಲಿಸಿ ಸುಮ್ಮನಾಗಬೇಡಿ

ಕಡತದ ಹೆಸರಿನ ಕೊನೆಯ ‘ಪಿಎನ್‌ಜಿ’ ಅಳಿಸಿ ‘ಜೆಪಿಜಿ’ ಎಂದು ಬರೆದರೆ ಒಳಗಿನ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ಪಿಎನ್‌ಜಿ ಕಡತದ ಎರಡರಿಂದ ನಾಲ್ಕನೇ ಬೈಟ್‌ಗಳಲ್ಲಿ ಇಂಗ್ಲಿಷಿನ ಪಿ, ಎನ್, ಜಿ ಅಕ್ಷರಗಳೇ ಇರುತ್ತವೆ. ಜಾಲತಾಣ ನೋಡುವುದು ಅಂಥ ಗುರುತುಗಳನ್ನು. ವಿಂಡೋಸ್ ತಾನಾಗಿ ಕಡತದ ಹೆಸರಿನ ಈ ಬಾಲವನ್ನು (ಎಕ್ಸ್‌ಟೆನ್ಷನ್) ಬಚ್ಚಿಡುವುದರಿಂದ, ಹೆಸರು ಬದಲಿಸಿದೆವೆಂದುಕೊಂಡವರ ಕಡತದ ನಿಜವಾದ ಹೆಸರು ‘ಫೋಟೊ.ಜೆಪಿಜಿ.ಪಿಎನ್‌ಜಿ’ ಎಂದಾಗಿರುವುದೂ ಉಂಟು.

ಇದಕ್ಕೆ ಒಂದು ವಿನಾಯಿತಿ ಇದೆ. ಜೆಪಿಜಿ, ಜೆಪಿಇಜಿ, ಜೆಎಫ್‌ಐಎಫ್ ಎಂಬ ಮೂರು ಬಾಲಗಳೂ ಒಂದೇ ಜೆಪೆಗ್‌ನವು. ಬ್ರೌಸರಿನಿಂದ ಇಳಿಸಿಕೊಂಡ ಚಿತ್ರ ಜೆಎಫ್‌ಐಎಫ್ ಎಂದು ಬಂದು ಅರ್ಜಿ ಅದನ್ನು ತಿರಸ್ಕರಿಸಿದರೆ ಹೆಸರನ್ನು ಜೆಪಿಜಿ ಎಂದು ಬದಲಿಸಿದರೆ ಸಾಕು.

ಉಳಿದಂತೆ ಪರಿವರ್ತನೆಗೆ ಪೇಂಟ್‌ನಲ್ಲಿ ‘ಫೈಲ್’, ‘ಸೇವ್ ಆ್ಯಸ್’, ‘ಜೆಪೆಗ್ ಪಿಕ್ಚರ್’. ಪ್ರಿವ್ಯೂನಲ್ಲಿ ‘ಫೈಲ್’, ‘ಎಕ್ಸ್‌ಪೋರ್ಟ್’. ಗಿಂಪ್‌ನಲ್ಲಿ ‘ಎಕ್ಸ್‌ಪೋರ್ಟ್ ಆ್ಯಸ್’. ಗಿಂಪ್‌ನಲ್ಲಿ ‘ಸೇವ್’ ಒತ್ತಿದರೆ ಅದರದೇ ಫಾರ್ಮ್ಯಾಟಿನಲ್ಲಿ ಉಳಿಯುತ್ತದೆ, ಅರ್ಜಿಗೆ ಅದು ನಡೆಯುವುದಿಲ್ಲ. ಸ್ಕ್ವೂಷ್‌ನಲ್ಲಿ ಚಿತ್ರವನ್ನು ತೆರೆದು, ‘ಕಂಪ್ರೆಸ್’ ಪಟ್ಟಿಯಲ್ಲಿ ‘ಮೊಜ್‌ಜೆಪೆಗ್’ ಆರಿಸಿ, ಅದರಿಂದ ಸಿಗುವುದು ಸಾಮಾನ್ಯ ಜೆಪೆಗ್ ಕಡತವೇ.

ಹಂತ 6: ಗುಣಮಟ್ಟದ ಅಂಕಿಯನ್ನು ಕೊನೆಯಲ್ಲಿ ಮುಟ್ಟಿ

ಜೆಪೆಗ್‌ನ ಗುಣಮಟ್ಟದ ಅಂಕಿ ಶೇಕಡಾವಾರು ಲೆಕ್ಕವಲ್ಲ. 80 ಎಂದರೆ ಚಿತ್ರದ ಶೇ 80 ಉಳಿದಿದೆ ಎಂದರ್ಥವಿಲ್ಲ, 100 ಎಂದರೂ ನಷ್ಟವಿಲ್ಲ ಎಂದಲ್ಲ. ಒಂದು ತಂತ್ರಾಂಶದ 80 ಮತ್ತು ಇನ್ನೊಂದರ 80 ಸಮವಾಗಿರಬೇಕೆಂದೂ ಇಲ್ಲ. ಫೋಟೊಶಾಪ್‌ನ ಒಂದು ಕಿಟಕಿಯಲ್ಲಿ ಅಳತೆ ಇರುವುದೇ 0ಯಿಂದ 12ರವರೆಗೆ. ಜಾಲತಾಣದ ಛಾಯಾಚಿತ್ರಗಳಿಗೆ 75ರಿಂದ 85ರ ನಡುವೆ ನಿಲ್ಲುವುದು ಬಹುತೇಕ ಸರಿಹೋಗುತ್ತದೆ. 95ರ ಮೇಲೆ ಹೋದಂತೆ ಕಡತ ವೇಗವಾಗಿ ಉಬ್ಬುತ್ತದೆ, ಕಣ್ಣಿಗೆ ಮಾತ್ರ ವ್ಯತ್ಯಾಸ ತಿಳಿಯುವುದಿಲ್ಲ.

ಸ್ಕ್ವೂಷ್‌ನಲ್ಲಿ ನಡುಗೆರೆಯನ್ನು ಅತ್ತಿತ್ತ ಎಳೆದು ಎಡಕ್ಕೆ ಮೂಲವನ್ನೂ ಬಲಕ್ಕೆ ಫಲಿತಾಂಶವನ್ನೂ ಹೋಲಿಸಬಹುದು, ಗಾತ್ರ ಕೆಳಗೇ ಕಾಣುತ್ತದೆ. ಹೋಲಿಸುವಾಗ ಆಕಾಶವನ್ನೋ ಗೋಡೆಯನ್ನೋ ನೋಡಬೇಡಿ. ಕಣ್ರೆಪ್ಪೆ, ಕೂದಲಿನ ಅಂಚು, ಅಕ್ಷರಗಳ ಒಳಸುತ್ತು ನೋಡಿ.

ಕೆಂಪು ಮೊಹರು ಅಥವಾ ಬಣ್ಣದ ಅಕ್ಷರಗಳಿರುವ ದಾಖಲೆಯನ್ನು ಜೆಪೆಗ್ ಮಾಡಲೇಬೇಕಾದಾಗ ಇನ್ನೊಂದು ಆಯ್ಕೆ ಕೈಹಿಡಿಯುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲವಾದ್ದರಿಂದ ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿಸಿಬಿಡುತ್ತದೆ. ಇದಕ್ಕೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎಂದು ಹೆಸರು. ಮುಖದ ಚಿತ್ರದಲ್ಲಿ ಇದು ತಿಳಿಯುವುದಿಲ್ಲ. ಕೆಂಪು ಮೊಹರಿನ ಅಂಚು ಮಾತ್ರ ಕಲಸಿದಂತಾಗುತ್ತದೆ. ಗಿಂಪ್‌ನ ಎಕ್ಸ್‌ಪೋರ್ಟ್ ಕಿಟಕಿಯ ಹೆಚ್ಚುವರಿ ಆಯ್ಕೆಗಳಲ್ಲಿ ಇದನ್ನು 4:4:4 (ಬಣ್ಣದ ವಿವರವನ್ನು ಇಳಿಸದ ಆಯ್ಕೆ) ಎಂದು ಇಡಿ. ಅಲ್ಲಿಯೇ ‘ಪ್ರೋಗ್ರೆಸಿವ್’ (ಚಿತ್ರ ಮೊದಲು ಮಸುಕಾಗಿ ಕಂಡು ಹಂತಹಂತವಾಗಿ ಸ್ಪಷ್ಟವಾಗುವ ಬಗೆ) ಎಂಬ ಗುರುತೂ ಇರುತ್ತದೆ. ಜಾಲತಾಣಕ್ಕೆ ಅದು ಒಳ್ಳೆಯದು. ಅರ್ಜಿಗೆ ಸೇರಿಸುವ ಚಿತ್ರಕ್ಕೆ ಹಳೆಯ ತಂತ್ರಾಂಶಗಳ ನೆನಪಿಟ್ಟು ತೆಗೆದುಹಾಕುತ್ತೇನೆ.

ಕನಿಷ್ಠ ಗಾತ್ರ ಮುಟ್ಟದಿದ್ದರೆ ಮೊದಲು ಗುಣಮಟ್ಟವನ್ನು 95ರ ಆಚೆಗೆ ಏರಿಸಿ. ಮೇಲೆ ವ್ಯರ್ಥವೆಂದದ್ದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. 140×60 ಪಿಕ್ಸೆಲ್‌ನ ಸಹಿ ಅಷ್ಟಕ್ಕೂ 10 ಕೆಬಿ ಮುಟ್ಟದಿರಬಹುದು, ಏಕೆಂದರೆ ಸಂಕೋಚನವೇ ಇಲ್ಲದಿದ್ದರೂ ಅದರಲ್ಲಿರುವುದು ಸುಮಾರು 25 ಕೆಬಿ ಮಾತ್ರ. ಅಧಿಸೂಚನೆ ಆ ಅಳತೆಯನ್ನು ‘ಆದ್ಯತೆ’ ಎಂದಷ್ಟೇ ಹೇಳಿದ್ದರೆ ಮೂಲದಿಂದ ಮತ್ತೆ ಆರಂಭಿಸಿ, ಅದೇ ಅನುಪಾತದ 280×120ಕ್ಕೆ ಇಳಿಸಿ ನೋಡಿ. ಆಗಲೇ ಕುಗ್ಗಿಸಿದ ಚಿಕ್ಕ ಚಿತ್ರವನ್ನು ಹಿಗ್ಗಿಸಬೇಡಿ.

ಹಂತ 7: ಕಾಣದ ಮಾಹಿತಿಯನ್ನು ಕಳಚಿ

ಫೋನಿನ ಚಿತ್ರದೊಳಗೆ ಎಕ್ಸಿಫ್ ಎಂಬ ಟಿಪ್ಪಣಿ ಇರುತ್ತದೆ: ತೆಗೆದ ದಿನ, ಫೋನಿನ ಮಾದರಿ, ಹಲವೊಮ್ಮೆ ತೆಗೆದ ಸ್ಥಳದ ಅಕ್ಷಾಂಶ–ರೇಖಾಂಶ. ಅದರ ಜೊತೆ ಒಂದು ಪುಟ್ಟ ಮುನ್ನೋಟದ ಚಿತ್ರವೂ ಅಡಗಿರಬಹುದು. 4 ಎಂಬಿ ಕಡತದಲ್ಲಿ ಇವು ಲೆಕ್ಕಕ್ಕಿಲ್ಲ, 20 ಕೆಬಿ ಮಿತಿಯಲ್ಲಿ ಅವುಗಳದೇ ಭಾರವಾಗಬಹುದು. ಸ್ಕ್ವೂಷ್ ಇವನ್ನು ತಾನಾಗಿಯೇ ಬಿಟ್ಟುಬಿಡುತ್ತದೆ; ಗಿಂಪ್‌ನಲ್ಲಿ ಎಕ್ಸಿಫ್ ಮತ್ತು ಥಂಬ್‌ನೇಲ್ ಉಳಿಸುವ ಗುರುತುಗಳನ್ನು ತೆಗೆಯಬೇಕು.

ಚಿತ್ರ ನೇರವಾಗಿ ನಿಲ್ಲಬೇಕೋ ಅಡ್ಡ ಮಲಗಬೇಕೋ ಎಂಬ ಸೂಚನೆಯೂ ಎಕ್ಸಿಫ್‌ನಲ್ಲೇ ಇರುವುದರಿಂದ ಕಳಚಿದ ಮೇಲೆ ಒಮ್ಮೆ ತೆರೆದು ನೋಡಿ. ಅಡ್ಡಲಾಗಿದ್ದರೆ ತಿರುಗಿಸಿ ಮತ್ತೆ ಉಳಿಸುವ ಬದಲು, ಮೂಲವನ್ನು ತಿರುಗಿಸಿ ಮೊದಲಿನಿಂದ ಮಾಡಿ.

ಹಂತ 8: ಕಳುಹಿಸುವ ಮುನ್ನ

ವಿಂಡೋಸ್‌ನಲ್ಲಿ ಕಡತದ ‘ಪ್ರಾಪರ್ಟೀಸ್’ ತೆರೆದರೆ ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂಬ ಎರಡು ಅಂಕಿಗಳಿರುತ್ತವೆ. ನೋಡಬೇಕಾದದ್ದು ಮೊದಲನೆಯದು, ಎರಡನೆಯದು ಡಿಸ್ಕಿನಲ್ಲಿ ಕಡತಕ್ಕೆ ಮೀಸಲಾದ ಜಾಗ, ಸಾಮಾನ್ಯವಾಗಿ 4 ಕೆಬಿಗಳ ಕಟ್ಟುಗಳಲ್ಲಿ ಏರುತ್ತದೆ. ಒಂದು ಕೆಬಿ ಎಂದರೆ ವಿಂಡೋಸ್ 1,024 ಬೈಟ್ ಎನ್ನುತ್ತದೆ, ಮ್ಯಾಕ್ 1,000 ಎನ್ನುತ್ತದೆ, ಜಾಲತಾಣ ಯಾವುದನ್ನು ಹಿಡಿಯುತ್ತದೋ ಹೊರಗಿನಿಂದ ತಿಳಿಯುವುದಿಲ್ಲ. 50 ಕೆಬಿ ಮಿತಿಯಿದ್ದರೆ 45ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಎರಡೂ ಲೆಕ್ಕದಲ್ಲಿ ಕ್ಷೇಮ. ಕಡತದ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ, ವಿಶೇಷ ಚಿಹ್ನೆಗಳಿದ್ದರೆ ಕೆಲವು ಜಾಲತಾಣಗಳು ಮುಗ್ಗರಿಸುತ್ತವೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಚಿಕ್ಕ ಹೆಸರು ಕೊಡಿ.

ಸ್ವಂತ ಜಾಲತಾಣ ಇರುವವರಿಗೆ

ಇಲ್ಲಿ ನಿಮ್ಮ ಕೈ ಸ್ವಲ್ಪ ಸಡಿಲ. ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ನಷ್ಟಸಹಿತ ಮತ್ತು ನಷ್ಟರಹಿತ ಎರಡೂ ಬಗೆಗಳಲ್ಲಿ ದೊರೆಯುತ್ತದೆ, ಪಾರದರ್ಶಕತೆಯನ್ನೂ ಬಲ್ಲದು. ಗೂಗಲ್‌ನದೇ ಅಳತೆಯಂತೆ ಅದು ಸಮಾನ ಗುಣಮಟ್ಟದ ಜೆಪೆಗ್‌ಗಿಂತ ಶೇ 25ರಿಂದ 34ರಷ್ಟು, ಪಿಎನ್‌ಜಿಗಿಂತ ಶೇ 26ರಷ್ಟು ಚಿಕ್ಕದು. 2020ರಲ್ಲಿ ಆ್ಯಪಲ್‌ನ ಬ್ರೌಸರ್ ಸಫಾರಿಯೂ ಇದನ್ನು ಒಪ್ಪಿಕೊಂಡ ಮೇಲೆ ಮುಖ್ಯ ಬ್ರೌಸರುಗಳಲ್ಲೆಲ್ಲ ತೆರೆಯುತ್ತದೆ. ಎವಿಐಎಫ್ ಎಂಬ ಇನ್ನೂ ಹೊಸ ಫಾರ್ಮ್ಯಾಟ್ ಹಲವು ಚಿತ್ರಗಳಲ್ಲಿ ಇನ್ನೂ ಚಿಕ್ಕದಾಗುತ್ತದೆ, ಆದರೆ ಪರಿವರ್ತನೆ ನಿಧಾನ, ಸಫಾರಿಗೆ ಬಂದದ್ದು 2022ರಲ್ಲಿ. ಹಳೆಯ ಫೋನುಗಳ ಓದುಗರೂ ಇರುವ ತಾಣಕ್ಕೆ ಸದ್ಯ ನಾನು ವೆಬ್‌ಪಿಯನ್ನೇ ಆರಿಸುತ್ತೇನೆ.

ಇಲ್ಲಿಯೂ ಪಿಕ್ಸೆಲ್ ಇಳಿಸುವುದೇ ಮೊದಲ ಕೆಲಸ. 4000×3000ರ ಚಿತ್ರವನ್ನು 1600×1200ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳ ಶೇ 84ರಷ್ಟು ಅಲ್ಲೇ ಕಳೆಯುತ್ತದೆ. ಯಾವ ಹೊಸ ಫಾರ್ಮ್ಯಾಟೂ ಒಂದೇ ಏಟಿಗೆ ಅಷ್ಟು ಉಳಿಸಿಕೊಡಲಾರದು. ನೂರಾರು ಚಿತ್ರಗಳಿದ್ದರೆ ಇರ್ಫಾನ್‌ವ್ಯೂ ತೆರೆದು ಇಂಗ್ಲಿಷಿನ ಬಿ ಕೀಲಿ ಒತ್ತಿ. ಬರುವ ಕಿಟಕಿಯಲ್ಲಿ ಕಡತಗಳನ್ನು ಸೇರಿಸಿ, ಅಳತೆ ಮತ್ತು ಫಾರ್ಮ್ಯಾಟ್ ನಿಗದಿಪಡಿಸಿ, ಫಲಿತಾಂಶ ಬೇರೆಯೇ ಫೋಲ್ಡರಿಗೆ ಹೋಗುವಂತೆ ಇಡಿ. ಆ ಫೋಲ್ಡರನ್ನು ಬದಲಿಸಲು ಮರೆತರೆ ಮೂಲ ಚಿತ್ರಗಳ ಮೇಲೆಯೇ ಬರೆದುಹೋಗುವ ಅಪಾಯವಿದೆ, ಆದ್ದರಿಂದ ಮೊದಲು ಎರಡು ಮೂರು ಚಿತ್ರಗಳಲ್ಲಿ ಪರೀಕ್ಷಿಸಿ, ಆಮೇಲೆ ಇಡೀ ರಾಶಿಯನ್ನು ಹಾಕಿ.